ಸೂಜಿಗಾರರ ಓಣಿಯ ಹೊಸ್ತಿಲು

ಡೂಗಲ್ ಟುಲಕ್ ಗಂಟಲು ತೆರೆದನೆಂದರೆ ನಮ್ಮ ಎಡಿನ್‌ಬರೊ ಕೋಟೆಯ ಮೇಲೆ ದಿನಾ ಮಧ್ಯಾಹ್ನ ಹಾರಿಸುವ ತೋಪು ಕೂಡ ನಾಚಿ ತನ್ನ ಮದ್ದನ್ನು ತಾನೇ ನುಂಗಿಕೊಳ್ಳುತ್ತಿತ್ತು. ಅವನು ಬೀದಿಯ ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಯ ಅಂಗಡಿಯಲ್ಲಿ ಮಂಜುಗಡ್ಡೆಯ ಮೇಲೆ ಮಲಗಿದ್ದ ಮೀನು ಕಣ್ಣು ಬಿಡುತ್ತಿತ್ತು. ಇದರಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆಯಿಲ್ಲ. ಅನುಮಾನವಿದ್ದವರು ಆ ಮೀನನ್ನೇ ಕೇಳಬಹುದು.

ಕೊಲೆ ನಡೆದ ಜಾಗಗಳನ್ನು ನಡೆಸಿ ತೋರಿಸುವವರು ನಮ್ಮೂರಿನಲ್ಲಿ ಮಳೆಹನಿಗಳಿಗಿಂತ ಒಬ್ಬಿಬ್ಬರು ಕಡಿಮೆ ಇದ್ದಾರು, ಅಷ್ಟೆ. ಎಲ್ಲರಿಗೂ ಕರಿಯ ನಿಲುವಂಗಿ, ಎತ್ತರದ ಟೋಪಿ, ಕೈಯಲ್ಲೊಂದು ಗಂಟೆ. ಆದರೆ ಡೂಗಲ್‌ನ ಹಿಂದೆ ಬರುವಷ್ಟು ಜನ ಯಾರ ಹಿಂದೆಯೂ ಬರುತ್ತಿರಲಿಲ್ಲ. ಜೂನ್ ತಿಂಗಳ ಆ ದಿನವೂ ಸಂಜೆ ನಾಲ್ಕರ ನಡಿಗೆಯಲ್ಲಿ ಅರ್ಧ ಭೂಗೋಳವೇ ಅವನ ಬೆನ್ನು ಹತ್ತಿತ್ತು. ಜಿಟಿಜಿಟಿ ಮಳೆಯಲ್ಲಿ ಅವರನ್ನೆಲ್ಲ ಸೂಜಿಗಾರರ ಓಣಿಗೆ ನುಗ್ಗಿಸಿ, ಹಳೆಯ ಕಲ್ಲುಕಟ್ಟಡವೊಂದರ ಬಾಗಿಲ ಮುಂದೆ ನಿಂತು ಗಂಟೆ ಬಾರಿಸಿದ.

"ಇದೇ! ಇದೇ ಆ ಹೊಸ್ತಿಲು! ಇಲ್ಲಿ ಕೆಲಸಕ್ಕಿದ್ದಳು ಜೋನೆಟ್ ಕೌಪರ್! ಹೆತ್ತ ಕೂಸನ್ನ ಹಂಡೆಗೆ ಹಾಕಿ ಕುದಿಸಿದ ಮಹಾತಾಯಿ! ಒಂದಲ್ಲ, ಎರಡಲ್ಲ... ಎಣಿಸೋಕೆ ಹೋದ ನ್ಯಾಯಾಧೀಶನೇ ಮೂರ್ಛೆ ಬಿದ್ದ!"

ಆಮೇಲೆ ಅವನು ತನ್ನ ಪ್ರಖ್ಯಾತ ವಿದ್ಯೆಯನ್ನು ತೋರಿಸಿದ. ಕುದಿಯುವ ಹಂಡೆಯೊಳಗಿನ ಕೂಸಿನ ಅಳು. ಮೂಗಿನಿಂದಲೋ ನಾಭಿಯಿಂದಲೋ ತಿಳಿಯದು, ಅದು ಎಳೆಗೂಸಿನದೇ ದನಿ. ಹೆಂಗಸರು ಕಿವಿ ಮುಚ್ಚಿಕೊಂಡರು. ಬೆರಳ ಸಂದಿಯಿಂದ ಕೇಳಿಸಿಕೊಂಡರು.

"ಈಗ ಉಗೀರಿ! ಈ ಹೊಸ್ತಿಲಿಗೆ ಉಗಿದವರಿಗೆ ವರ್ಷವಿಡೀ ಅದೃಷ್ಟ. ನಾಲ್ಕುನೂರು ವರ್ಷದ ಪದ್ಧತಿ ಸ್ವಾಮೀ!"

ಉಗಿದರು. ಡೂಗಲ್ ತಾನೇ ಮೊದಲು ಉಗಿದು ಗುರಿ ತೋರಿಸಿಕೊಟ್ಟ. ಆ ನಾಲ್ಕುನೂರು ವರ್ಷದ ಪದ್ಧತಿಯನ್ನು ಅವನೇ ಮೂರು ವಸಂತಗಳ ಹಿಂದೆ, ಕಾಸು ಹುಟ್ಟದ ಒಂದು ಮಂಕು ಭಾನುವಾರ ಹುಟ್ಟುಹಾಕಿದ್ದ. ಇನ್ನೂರೈವತ್ತು ವರ್ಷದ ಹಿಂದೆ ಸತ್ತವಳ ಹೆಸರಿನಲ್ಲಿ ನಾಲ್ಕುನೂರು ವರ್ಷದ ಪದ್ಧತಿ ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಬದಲಿಗೆ ಊರಿನ ಉಳಿದ ಮಾರ್ಗದರ್ಶಕರೂ ತಮ್ಮ ಜನರನ್ನು ಅಲ್ಲಿಗೇ ಕರೆತಂದು ಉಗಿಸತೊಡಗಿದರು. ಎದುರಾಳಿ ಕ್ರಾಫರ್ಡ್ ಅಂತೂ ಅದನ್ನು ಐನೂರು ವರ್ಷಕ್ಕೆ ಏರಿಸಿದ್ದ. ಪ್ರವಾಸದ ಪುಸ್ತಕಗಳಲ್ಲಿ ಅಚ್ಚಾಯಿತು. ಹೊಸ್ತಿಲಿನ ಕಲ್ಲು ಒಣಗಿದ್ದನ್ನು ಕಂಡವರೇ ಇಲ್ಲವಾಯಿತು.

ಹೀಗೆ ಊರನ್ನು ಲೋಕಕ್ಕೆಲ್ಲ ರುಚಿಯಾಗಿ ಬಡಿಸಿದವನಿಗೆ ಆ ಊರೇ ಒಂದು ಪೆಟ್ಟು ಕೊಟ್ಟಿತು. ಬರುವ ಪ್ರವಾಸಿಗರಿಗೆ ತಂಗಲು ಕೋಣೆ ಸಾಲದೆ, ಡೂಗಲ್‌ನ ಮನೆ ಮಾಲೀಕ ಅವನ ಮನೆಯನ್ನೂ ಅವರಿಗೇ ಬಿಟ್ಟುಕೊಡಲು ಅವನನ್ನು ಹೊರಗೆ ಹಾಕಿದ. ಊರೆಲ್ಲ ಅಲೆದ ಮೇಲೆ ಅವನ ಕೈಗೆಟುಕುವ ಬಾಡಿಗೆಗೆ ಒಂದೇ ಒಂದು ಮನೆ ಸಿಕ್ಕಿತು. ಜನ ಉಗಿಯುವ ಬಾಗಿಲನ್ನು ದಾಟಿ ಹೋಗಬೇಕಾದ ಮನೆ ಯಾರಿಗೆ ಬೇಕು? ಸೂಜಿಗಾರರ ಓಣಿ, ಅದೇ ಕಟ್ಟಡ, ತುದಿಯ ಮಹಡಿ.

"ಸೇನಾಪತಿ ಆದವನು ರಣರಂಗದಲ್ಲೇ ಡೇರೆ ಹಾಕ್ತಾನೆ," ಎಂದು ಡೂಗಲ್ ಮದ್ಯದಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿ, ಪೆಟ್ಟಿಗೆ ಹೊತ್ತು ಬಂದ.

ಮೂರನೆಯ ಮಹಡಿಯಲ್ಲಿ ನೆಟ್ಟಿ ಪರ್ವಿಸ್ ತನ್ನ ಹೆಸರಿನ ಫಲಕವಿದ್ದ ಬಾಗಿಲು ತೆರೆದು ನಿಂತಿದ್ದಳು. ನಮ್ಮ ನೆಟ್ಟಿಯ ವಯಸ್ಸು ಕೋಟೆಗಿಂತ ಒಂದೆರಡು ವರ್ಷ ಕಡಿಮೆ, ಬೆನ್ನು ಕೋಟೆಗಿಂತ ನೆಟ್ಟಗೆ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಬಾಯಿ ನಿಂದೇನಾ?"

"ಯಾವ ಬಾಯಿ, ಮಿಸೆಸ್ ಪರ್ವಿಸ್?"

"ಈ ಓಣಿಗೆ ಇರೋದು ಒಂದೇ ಬಾಯಪ್ಪ. ಬಾ, ಒಳ್ಳೇದಾಯ್ತು. ನಿನ್ನ ಸರದಿ ಬರುತ್ತಲ್ಲ."

ಸರದಿಯೆಂದರೆ ಏನೆಂದು ನಮ್ಮೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಒಂದೇ ಮೆಟ್ಟಿಲುಸಾಲನ್ನು ಹಂಚಿಕೊಂಡ ಮನೆಗಳವರು ವಾರಕ್ಕೊಬ್ಬರಂತೆ ಅದನ್ನು ತೊಳೆಯಬೇಕು. ಯಾರ ಸರದಿಯೋ ಅವರ ಬಾಗಿಲ ಹಿಡಿಗೆ ದಾರ ಕಟ್ಟಿದ ಒಂದು ಪುಟ್ಟ ಹಲಗೆ ತೂಗುತ್ತದೆ. ಬೇರೆ ಕಟ್ಟಡಗಳಲ್ಲಿ ಹಲಗೆಯನ್ನು ಕಳ್ಳಹೆಜ್ಜೆಯಲ್ಲಿ ಬಂದು ತಗುಲಿಹಾಕಿ ಓಡುವುದೇ ವಾಡಿಕೆ. ಸೂಜಿಗಾರರ ಓಣಿಯ ಈ ಮೆಟ್ಟಿಲಲ್ಲಿ ಮಾತ್ರ ಹಾಗಲ್ಲ. ಕೆಲವು ವಾರಗಳ ನಂತರ ಒಂದು ಸೋಮವಾರ ಬೆಳಿಗ್ಗೆ ನೆಟ್ಟಿ ಮೇಲೆ ಹತ್ತಿ ಬಂದು, ಬಾಗಿಲು ಒಡೆದುಹೋಗುವಂತೆ ತಟ್ಟಿ, ಹಲಗೆಯನ್ನು ಡೂಗಲ್‌ನ ಕೈಯಲ್ಲಿಟ್ಟಳು.

"ಹೇಗಿದ್ದೀಯ?"

"ಚೆನ್ನಾಗಿದ್ದೀನಿ. ಆಯ್ತು, ತೊಳೀತೀನಿ," ಎಂದು ಅವನು ಬಾಗಿಲು ಮುಚ್ಚಹೋದ. ನೆಟ್ಟಿ ಪಾದವನ್ನು ಬಾಗಿಲ ಸಂದಿಗೆ ಇಟ್ಟಳು.

"ಅದು ಉತ್ತರ ಅಲ್ಲ, ಕೆಮ್ಮು. ಹೇಗಿದ್ದೀಯ?"

ಡೂಗಲ್ ತಬ್ಬಿಬ್ಬಾದ. "ಮೊಣಕಾಲು... ಸ್ವಲ್ಪ ನೋಯುತ್ತೆ."

"ಹಾಂ. ಈಗ ಸರಿ." ಅವಳು ಪಾದ ತೆಗೆದಳು. "ನೀನೂ ಹೀಗೇ ಮಾಡ್ಬೇಕು. ಕೈಗೆ ಕೊಡ್ಬೇಕು. ಮುಖ ನೋಡ್ಬೇಕು. ಹೇಗಿದ್ದೀಯ ಅಂತ ಕೇಳ್ಬೇಕು, ಉತ್ತರ ಬರೋವರೆಗೂ ನಿಲ್ಬೇಕು. ನಮ್ಮಜ್ಜಿ ಕಾಲದಿಂದ ಈ ಮೆಟ್ಟಿಲು ಹೀಗೇ. ತುದಿ ಮುಟ್ಟಿದ ಹಲಗೆ ಮತ್ತೆ ಬುಡಕ್ಕೆ ಇಳಿಯುತ್ತೆ. ನಿನ್ನ ನಂತರ ಕೆಳಗಿನ ಐಲ್ಸಾ ಬೇರ್ಡ್. ಮರೀಬೇಡ, ಹೊಸ್ತಿಲು ತೊಳೆದ ಮೇಲೆ ಅಂದಕ್ಕೆ ಬಿಳಿ ಜೇಡಿಮಣ್ಣಿನ ಉಂಡೆಯಿಂದ ಎಳೆ ಹಾಕ್ಬೇಕು."

"ಮಿಸೆಸ್ ಪರ್ವಿಸ್, ಗಂಟೆಗೊಮ್ಮೆ ಜನ ಬಂದು ಉಗೀತಾರೆ. ಎಳೆ ಹಾಕಿ ಏನು ಪ್ರಯೋಜನ?"

"ಅದನ್ನ ನಾವು ಮೂರು ವರ್ಷದಿಂದ ನಿನ್ನನ್ನ ಕೇಳ್ಬೇಕು ಅಂತಿದ್ವಿ."

ಡೂಗಲ್‌ಗೂ ಹೇಳುವುದಿತ್ತು. "ನೋಡಿ, ಜೋನೆಟ್ ಸತ್ತು ಇನ್ನೂರೈವತ್ತು ವರ್ಷ ಆಯ್ತು. ಅವಳಿಗೆ ನೋವಾಗಲ್ಲ. ನಾನು ಉಪ್ಪು ಖಾರ ಹಾಕ್ದೆ ಹೇಳಿದ್ರೆ ಈ ಮಳೇಲಿ ಯಾರು ನಿಲ್ತಾರೆ? ಮೂಲೆಯ ಚಹದಂಗಡಿಯವನು ಬದುಕ್ತಿರೋದು ನನ್ನ ಜನದಿಂದ. ನಾನು ಬದುಕ್ತಿರೋದೂ ಅದರಿಂದಾನೇ. ಬೇರೆ ವಿದ್ಯೆ ನಂಗೆ ಬರಲ್ಲ."

"ಸತ್ತವಳಿಗೆ ನೋವಾಗಲ್ಲ, ನಿಜ," ಎಂದಳು ನೆಟ್ಟಿ, ಮೆಟ್ಟಿಲಿಳಿಯುತ್ತಾ. "ಬಕೆಟ್ಟು ಮೆಟ್ಟಿಲ ಕೆಳಗಿದೆ."

ಡೂಗಲ್ ತೊಳೆದ. ಏಳು ಖಂಡಗಳ ಉಗುಳು, ಐದು ಸಾಗರಗಳ ಶೀತ, ಮನುಷ್ಯರು ಕಂಡುಹಿಡಿದ ಸಕಲ ಮಿಠಾಯಿಗಳ ಅಂಟು ಆ ಒಂದು ಕಲ್ಲಿನ ಮೇಲಿತ್ತು. ನೀರು ಬಕೆಟ್ಟಿನೊಳಗೆ ತಾನಾಗಿಯೇ ಹಿಂದೆ ಸರಿಯಿತೆಂದು ಕೆಲವರು ಹೇಳುತ್ತಾರೆ. ಅವರ ಮಾತನ್ನು ನಾವೇಕೆ ಅನುಮಾನಿಸಬೇಕು? ಸೊಂಟ ಹಿಡಿದುಕೊಂಡು ಎದ್ದು, ಎರಡು ಗೆರೆ ಎಳೆದು, ಟೋಪಿ ಹಾಕಿಕೊಂಡು ಹನ್ನೊಂದು ಗಂಟೆಯ ನಡಿಗೆಗೆ ಓಡಿದ. ಹನ್ನೆರಡರೊಳಗೆ ಆ ನಡಿಗೆಯವರನ್ನು ಅದೇ ಹೊಸ್ತಿಲಿಗೆ ತಂದು ನಿಲ್ಲಿಸಿದ. "ಇವತ್ತು... ಸ್ವಲ್ಪ ಮೆಲ್ಲಗೆ ಉಗೀರಿ," ಎಂದ. ಅವರು ಮೆಲ್ಲಗೆ ಉಗಿದರು. ಪ್ರಮಾಣದಲ್ಲಿ ವ್ಯತ್ಯಾಸವಿರಲಿಲ್ಲ.

ವಾರವಿಡೀ ಅವನೇ ಉಗಿಸಿದ, ಅವನೇ ತೊಳೆದ. ತನ್ನ ಕಷ್ಟವನ್ನು ತಾನೇ ತಮಾಷೆ ಮಾಡಿ ಮದ್ಯದಂಗಡಿಯನ್ನು ನಗಿಸಿದ. ಮುಂದಿನ ಸೋಮವಾರ ಹಲಗೆ ಹಿಡಿದು ನೆಲಮಹಡಿಗೆ ಇಳಿದು, ಹೊಸ್ತಿಲ ಪಕ್ಕದ ಮನೆಯ ಬಾಗಿಲು ತಟ್ಟಿದ.

ತೆರೆದವಳು ಮೂವತ್ತರ ಒಳಗಿನ ಹೆಣ್ಣು. ಉಣ್ಣೆಯ ಅಂಗಿಯ ತೋಳನ್ನು ಬೆರಳು ಮುಚ್ಚುವಷ್ಟು ಎಳೆದುಕೊಂಡಿದ್ದಳು.

"ಐಲ್ಸಾ ಬೇರ್ಡ್ ನೀವೇ ಅಲ್ವಾ? ಸರದಿ ಹಲಗೆ. ನಾನು ತುದಿ ಮಹಡಿಯ..."

"ಗೊತ್ತು. ನಿಮ್ಮ ದನಿ ಗೊತ್ತು."

ಹೊಗಳಿಕೆಗೆ ತಲೆಬಾಗಿ ಅಭ್ಯಾಸವಿದ್ದ ಡೂಗಲ್ ಬಾಗಲು ಹೋದ. ಅವಳ ಮುಖ ನೋಡಿ ಅರ್ಧದಲ್ಲೇ ನಿಂತ. ನೆಟ್ಟಿಯ ಮಾತು ನೆನಪಾಯಿತು.

"ಹೇಗಿದ್ದೀರಿ?"

ಅವಳು ಉತ್ತರ ಹೇಳಲಿಲ್ಲ. ಬಾಗಿಲನ್ನೂ ಮುಚ್ಚಲಿಲ್ಲ. ಉತ್ತರ ಬರುವವರೆಗೆ ನಿಲ್ಲಬೇಕಲ್ಲ, ಅವನು ನಿಂತ. ಮಾತಿಲ್ಲದೆ ಅಷ್ಟು ಹೊತ್ತು ಅವನು ತೊಟ್ಟಿಲಲ್ಲಿ ಕೂಡ ಇದ್ದವನಲ್ಲ. ಅವಳ ಹಿಂದೆ ಅಡುಗೆಮನೆ ಕಾಣುತ್ತಿತ್ತು. ಪಾತ್ರೆ ತೊಳೆಯುವ ನಲ್ಲಿಯ ಮೇಲೊಂದು ಕಿಟಕಿ, ಕಿಟಕಿಯ ಆಚೆಗೆ ಆ ಹೊಸ್ತಿಲು. ಇಷ್ಟು ವರ್ಷ ಅಲ್ಲಿ ನಿಂತು ಕೂಗಿದವನು ಅಲ್ಲೊಂದು ಕಿಟಕಿ ಇರುವುದನ್ನು ನೋಡಿರಲಿಲ್ಲ.

"ನಿಮ್ಮ ಗಂಟೆ ಕೇಳಿದ ಕೂಡ್ಲೇ ನಲ್ಲಿ ಬಿಡ್ತೀನಿ," ಎಂದಳು ಐಲ್ಸಾ ಕೊನೆಗೆ. "ಜೋರಾಗಿ ಬಿಟ್ರೆ ಕತೆ ಕೇಳಿಸಲ್ಲ. ಆದ್ರೆ ಆ ಅಳು ಕೇಳಿಸುತ್ತೆ. ನೀವು ಮಾಡ್ತೀರಲ್ಲ, ಮಗುವಿನ ಅಳು. ದಿನಕ್ಕೆ ನಾಲ್ಕು ಸಲ."

"ನಂಗೆ... ಇಲ್ಲಿ ಯಾರಾದ್ರೂ ಇದ್ದಾರೆ ಅಂತ..."

"ಮಾರ್ಚಿನಲ್ಲಿ ನನಗೆ ಮಗಳು ಹುಟ್ಟಿದ್ಳು. ಅವಳು ಅಳಲೇ ಇಲ್ಲ. ಮಗುವಿನ ಅಳು ಹೇಗಿರುತ್ತೆ ಅಂತ ಈ ಮನೇಲಿ ನಾನು ಕೇಳಿರೋದು ನಿಮ್ಮಿಂದಾನೇ."

ಇಲ್ಲಿ ಹೇಳಲು ನಮ್ಮಲ್ಲಿ ದೊಡ್ಡ ಮಾತುಗಳಿಲ್ಲ.

"ಅವಳು ನಿಜವಾಗ್ಲೂ ಹಾಗೆ ಮಾಡಿದ್ಳಾ? ಆ ಜೋನೆಟ್?" ಎಂದು ಐಲ್ಸಾ ಕೇಳಿದಳು. "ಕೆಲವು ಸಲ ನಲ್ಲಿ ಹತ್ರ ನಿಂತಾಗ ಅದನ್ನೇ ಯೋಚಿಸ್ತೀನಿ."

"ಇಲ್ಲ," ಎಂದ ಡೂಗಲ್. ಅವನಿಗೆ ಮೊದಲಿಂದಲೂ ಗೊತ್ತಿತ್ತು. "ಹಂಡೆ ಗಿಂಡೆ ಎಲ್ಲ ನಾನು ಕಟ್ಟಿದ್ದು. ಮದುವೆ ಆಗಿರಲಿಲ್ಲ, ಬಸುರಾದ್ಳು. ಯಾರಿಗೂ ಹೇಳಲಿಲ್ಲ. ಒಬ್ಬಳೇ ಹೆತ್ತಳು, ಮಗು ಉಳೀಲಿಲ್ಲ. ಬಸುರಿ ಅಂತ ಯಾರಿಗೂ ಹೇಳ್ದೆ, ಹೆರಿಗೆಗೆ ಯಾರನ್ನೂ ಕರೀದೆ ಇದ್ದು, ಮಗು ಸತ್ತಿದ್ರೆ ಅದು ಕೊಲೆ ಅಂತಲೇ ಆಗಿನ ಕಾನೂನು. ಗಲ್ಲಿಗೆ ಹಾಕಿದ್ರು."

"ಅಷ್ಟೇನಾ?"

"ಅಷ್ಟೇ."

"ಮತ್ತೆ ಇದನ್ನೇ ಯಾಕೆ ಹೇಳಲ್ಲ ನೀವು?"

"ಇದು... ಎರಡು ನಿಮಿಷಕ್ಕೆ ಮುಗಿದುಹೋಗುತ್ತೆ."

ಐಲ್ಸಾ ಹಲಗೆಗೆ ಕೈ ಚಾಚಿದಳು. "ನನ್ನ ಮಗಳದ್ದೂ ಅಷ್ಟರಲ್ಲೇ ಮುಗೀತು, ಟುಲಕ್ ಅವರೇ," ಎಂದು ಹಲಗೆ ತೆಗೆದುಕೊಂಡು ಮೆಲ್ಲನೆ ಬಾಗಿಲು ಹಾಕಿಕೊಂಡಳು.

ಅವತ್ತು ಹನ್ನೊಂದರ ನಡಿಗೆಯೂ ಇರಲಿಲ್ಲ, ಎರಡರದೂ ಇರಲಿಲ್ಲ. ಡೂಗಲ್‌ಗೆ ಜ್ವರವೆಂದು ಒಬ್ಬರು, ಲಾಟರಿಯೆಂದು ಇನ್ನೊಬ್ಬರು. ನಾಲ್ಕು ಗಂಟೆಗೆ ಅವನು ಬಂದ. ಬಾಡಿಗೆಯ ದಿನ ಹತ್ತಿರವಿತ್ತು, ದುಡ್ಡು ಕೊಟ್ಟ ಜನ ಚೌಕದಲ್ಲಿ ನೆನೆಯುತ್ತ ಕಾದಿದ್ದರು. ಉಳಿದ ಕೊಲೆಗಳನ್ನೆಲ್ಲ ಹೇಗೋ ಮುಗಿಸಿ, ಕಾಲೆಳೆಯುತ್ತ ಓಣಿಗೆ ಬಂದ. ಗಂಟೆ ಬಾರಿಸುವ ಹೊತ್ತಿಗೆ ಹೊಸ್ತಿಲನ್ನು ನೋಡಿದ.

ಬಾಗಿಲ ಕಮಾನಿನಡಿ, ಮಳೆ ತಾಗದಲ್ಲಿ, ಕಲ್ಲು ತೊಳೆದು ಕರ್ರಗೆ ಮಿಂಚುತ್ತಿತ್ತು. ಅದರ ಮೇಲೆ ಬಿಳಿಜೇಡಿಯ ಎಳೆ. ಒಂದೇ ಎಳೆ, ಎಡಗಡೆಯ ಮೂಲೆಯಿಂದ ಹೊರಟು ಸುರುಳಿಯಾಗಿ, ಸುರುಳಿಯೊಳಗೆ ಸುರುಳಿಯಾಗಿ, ಎಲ್ಲೂ ಕಡಿಯದೆ, ತನ್ನನ್ನೇ ದಾಟಿ ದಾಟಿ ಬಲಗಡೆಗೆ ಹೋಗಿ, ಅಲ್ಲಿಂದ ಮತ್ತೆ ಹೊರಟ ಜಾಗಕ್ಕೇ ಬಂದು ಸೇರಿತ್ತು. ಎಲ್ಲಿ ಆರಂಭ, ಎಲ್ಲಿ ಕೊನೆ ಎಂದು ಬೆರಳಿಟ್ಟು ತೋರಿಸಲಾಗುತ್ತಿರಲಿಲ್ಲ. ಊರಿನ ಅರಮನೆಗಳನ್ನೆಲ್ಲ ಕಣ್ಣಾರೆ ಕಂಡವನು, ಕಾಣದವರಿಗೂ ಬಣ್ಣಿಸಿದವನು, ಆ ಎಳೆಯ ಮುಂದೆ ಬಾಯಿ ತೆರೆದು ನಿಂತ. ಬಗ್ಗಿ, ಬಕೆಟ್ಟಿನ ಪಕ್ಕ ಮಂಡಿಯೂರಿ, ಅವಳು ಎಷ್ಟು ಹೊತ್ತು ಕೂತಿದ್ದಿರಬೇಕು! ಅದೂ ಸಂಜೆಯೊಳಗೆ ಜನ ಉಗಿಯುತ್ತಾರೆಂದು ಗೊತ್ತಿದ್ದೂ.

ಗಂಟೆ ಅವನ ಕೈಯಲ್ಲಿ ಅಲುಗಿ ಒಮ್ಮೆ ಸದ್ದಾಯಿತು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿಸಿತು.

"ಇಲ್ಲಿ," ಎಂದ ಡೂಗಲ್. ಹಿಂದೆ ನಿಂತವರು "ಜೋರಾಗಿ, ಕೇಳಿಸ್ತಿಲ್ಲ!" ಎಂದರು. ಅವನು ಜೋರು ಮಾಡಲಿಲ್ಲ. ಅವರೇ ಹತ್ತಿರ ಬಂದರು.

"ಇಲ್ಲಿ ಜೋನೆಟ್ ಕೌಪರ್ ಅಂತ ಒಬ್ಬ ಹುಡುಗಿ ಕೆಲಸಕ್ಕಿದ್ಳು. ಅವಳ ಮಗು ಹುಟ್ಟಿ ಉಳೀಲಿಲ್ಲ. ಬಸುರಿ ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಹೇಳ್ದೆ ಇದ್ದಿದ್ದಕ್ಕೆ ನೇಣು. ಈ ಮೆಟ್ಟಿಲಲ್ಲಿ ಆಗ ಜನ ಪೀಪಾಯಿಯೊಳಗಿನ ಮೀನಿನ ಹಾಗೆ ತುಂಬಿದ್ರು. ದಿನಾ ಅವಳ ಪಕ್ಕದಲ್ಲೇ ಹತ್ತಿ ಇಳಿದ್ರು. ಒಬ್ಬರಾದ್ರೂ ಬಾಗಿಲು ತಟ್ಟಿ, ಹೇಗಿದ್ದೀಯಮ್ಮಾ ಅಂತ ಕೇಳಿ, ಉತ್ತರ ಬರೋವರೆಗೂ ನಿಂತಿದ್ರೆ..." ಅವನು ಗಂಟೆಯ ನಾಲಿಗೆಯನ್ನು ಬೆರಳಲ್ಲಿ ಹಿಡಿದುಕೊಂಡ. "ಅಷ್ಟೇ. ಕತೆ ಇಷ್ಟೇ."

ಯಾರೂ ಕದಲಲಿಲ್ಲ. ಕೆಂಪು ಮಳೆಯಂಗಿಯ ಒಬ್ಬ ದೊಡ್ಡ ಆಸಾಮಿ ಮಾತ್ರ ಹಿಂದಿನಿಂದ ದಾರಿ ಮಾಡಿಕೊಂಡು ಬಂದ. ಕೈಯಲ್ಲಿ ಪ್ರವಾಸದ ಪುಸ್ತಕ. ಕೆಟ್ಟವನೇನಲ್ಲ, ಪುಸ್ತಕ ನಂಬಿದವನು. "ಇದೇ ತಾನೇ, ಅದೃಷ್ಟದ ಹೊಸ್ತಿಲು?" ಎಂದು ಕ್ಯಾಕರಿಸಿ ಉಗಿದ. ಬಿಳಿಯ ಸುರುಳಿಯ ನಟ್ಟನಡುವೆ ಬಿತ್ತು.

ಡೂಗಲ್ ಬೈಯಲಿಲ್ಲ. ಆ ಪುಸ್ತಕಕ್ಕೆ ಆ ಮಾತನ್ನು ಕೊಟ್ಟವನು ತಾನೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಗ್ಗಿ ಮಂಡಿಯೂರಿದ, ನೋಯುವ ಮೊಣಕಾಲು ಲಟಕ್ಕೆಂದಿತು. ಟೋಪಿಯ ಅಂಚಿನಿಂದ ನೀರು ಸುರಿದು ಬಿಳಿ ಎಳೆಯ ಮೇಲೆ ತೊಟ್ಟಿಕ್ಕತೊಡಗಿದ್ದರಿಂದ ಟೋಪಿ ತೆಗೆದು ಪಕ್ಕಕ್ಕಿಟ್ಟ. ಕುತ್ತಿಗೆಯ ಉಣ್ಣೆವಸ್ತ್ರವನ್ನು ಬಿಚ್ಚಿ ಒರೆಸಿದ.

ಆಗ ನಡೆದದ್ದನ್ನು ನಮ್ಮ ಓಣಿಯಲ್ಲಿ ಇಂದಿಗೂ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಮಾರ್ಗದರ್ಶಕ ಏನು ಮಾಡಿದರೂ ಹಾಗೆಯೇ ಮಾಡುವುದು ಪ್ರವಾಸಿಗರ ಜಾಯಮಾನ. ಅವನು ಟೋಪಿ ತೆಗೆದನಲ್ಲ, ಇದೂ ಇಲ್ಲಿಯ ಪದ್ಧತಿಯೇ ಇರಬೇಕೆಂದು ಮುಂದಿದ್ದ ಹೆಂಗಸು ತನ್ನ ಟೋಪಿ ತೆಗೆದಳು. ಅವಳ ಹಿಂದಿನವನು ತೆಗೆದ. ಸರಸರನೆ ಓಣಿಯ ತುದಿಯವರೆಗೆ ಟೋಪಿಗಳು, ಕೊಡೆಗಳು, ಮಳೆಯಂಗಿಯ ತಲೆಗವಸುಗಳು ಕೆಳಗಿಳಿದವು. ಕೆಂಪು ಮಳೆಯಂಗಿಯವನು ಸುತ್ತ ನೋಡಿ, ಮುಖ ಕೆಂಪಾಗಿ, ತಾನೂ ತೆಗೆದ. ಮಳೆ ಎಲ್ಲರ ಬರಿತಲೆಯ ಮೇಲೆ ಬೀಳುತ್ತಿತ್ತು. ಅಷ್ಟು ಜನರಿದ್ದೂ ಓಣಿಯಲ್ಲಿ ಕೇಳುತ್ತಿದ್ದುದು ಒಂದೇ ಸದ್ದು, ಐಲ್ಸಾಳ ಮನೆಯ ನಲ್ಲಿಯದು.

ಅದೂ ನಿಂತಿತು.

ಕಿಟಕಿ ಒಂದು ಗೇಣು ಮೇಲೆದ್ದಿತು. ಒಂದು ಕೈ ಹೊರಗೆ ಬಂತು, ಉಣ್ಣೆಯ ತೋಳಿನೊಳಗಿಂದ. ಕೈಯಲ್ಲಿ ಬಿಳಿಜೇಡಿಯ ಉಂಡೆ.

ಡೂಗಲ್ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಒರೆಸಿ ಹೋದ ಜಾಗದಲ್ಲಿ ಎಳೆಯನ್ನು ಕೂಡಿಸತೊಡಗಿದ. ಅಭ್ಯಾಸವಿಲ್ಲದ ಬೆರಳಿಗೆ ಸುರುಳಿ ಮೊಟ್ಟೆಯಂತಾಯಿತು. ಯಾರೂ ನಗಲಿಲ್ಲ.

"ಬಲಗಡೆ ಸೊಟ್ಟ ಹೋಯ್ತು," ಎಂದಿತು ಕಿಟಕಿಯೊಳಗಿನ ದನಿ.

"ಸರಿ ಮಾಡ್ತೀನಮ್ಮಾ."

"ಇರ್ಲಿ ಬಿಡಿ. ಎಳೆ ಕಡೀದಿದ್ರೆ ಸಾಕು."

ಮರುದಿನ ಕ್ರಾಫರ್ಡ್ ತನ್ನ ಜನರನ್ನು ಕರೆತಂದಾಗ, ಹಿಂದಿನ ಸಂಜೆ ಅಲ್ಲಿದ್ದ ಕೆಲವರು ಅವನ ಗುಂಪಿನಲ್ಲಿಯೂ ಇದ್ದರು. ಅವರು ಓಣಿಗೆ ಕಾಲಿಡುತ್ತಲೇ ಟೋಪಿ ತೆಗೆದು ಸುಮ್ಮನೆ ನಿಂತರು. ಕ್ರಾಫರ್ಡ್ ಸೋಲುವ ಆಸಾಮಿಯಲ್ಲ. "ನೋಡಿದ್ರಾ! ಈ ಹೊಸ್ತಿಲ ಮುಂದೆ ಬರಿತಲೆಯಲ್ಲಿ ಉಸಿರು ಬಿಗಿಹಿಡಿದು ನಿಲ್ಲೋದು ಆರುನೂರು ವರ್ಷದ ಪದ್ಧತಿ!" ಎಂದ, ಪಿಸುದನಿಯಲ್ಲಿ. ತಿಂಗಳು ಕಳೆಯುವುದರೊಳಗೆ ಊರಿನ ಸಕಲ ಮಾರ್ಗದರ್ಶಕರಿಗೂ ಅದು ತಾತನ ಕಾಲದಿಂದ ಗೊತ್ತಿತ್ತು. ಉಗಿಯಲು ಬಂದವನನ್ನು ಪಕ್ಕದವನೇ ತಡೆಯುತ್ತಿದ್ದ. ಡೂಗಲ್‌ನ ಹಿಂದೆ ಬರುವ ಜನ ಮೊದಲು ಕೊಂಚ ಕಡಿಮೆಯಾದರು. ಜೋನೆಟ್‌ಳ ಎರಡು ನಿಮಿಷವನ್ನು ಅವನು ಎರಡೇ ನಿಮಿಷದಲ್ಲಿ ಹೇಳಿದ. ಮೂರನೆಯದನ್ನು ಸುಮ್ಮನೆ ನಿಲ್ಲಲು ಬಿಟ್ಟ. ಮದ್ಯದಂಗಡಿಯಲ್ಲಿ ಈ ಪದ್ಧತಿ ಯಾರು ಶುರು ಮಾಡಿದ್ದೆಂಬ ಮಾತು ಬಂದಾಗಲೆಲ್ಲ ಅವನ ಬಾಯಿ ತೆರೆಯುವುದು, ಮುಚ್ಚುವುದು. ಊರಿಗೆ ಮಳೆ ತಂದದ್ದೂ ತಾನೇ ಎನ್ನುತ್ತಿದ್ದವನು!

ಹಲಗೆ ಬುಡದಿಂದ ಹತ್ತಿ ಮತ್ತೆ ತುದಿಗೆ ಬಂದಾಗ ಶರತ್ಕಾಲವಾಗಿತ್ತು. ನೆಟ್ಟಿ ಪರ್ವಿಸ್ ಬಾಗಿಲು ತಟ್ಟಿದಳು, ಮುಖ ನೋಡಿದಳು, ಹೇಗಿದ್ದೀಯ ಎಂದಳು. ಡೂಗಲ್ ತನ್ನ ಮೊಣಕಾಲು, ಬಾಡಿಗೆ, ಹಲ್ಲುನೋವು ಎಲ್ಲವನ್ನೂ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಇಳಿಯುವ ಮೊದಲು ನಿಂತು ಕೇಳಿದಳು:

"ಅಲ್ಲಾ, ನಾನು ಹುಟ್ಟಿದ್ದೇ ಈ ಮೆಟ್ಟಿಲಲ್ಲಿ. ಈ ಟೋಪಿ ತೆಗೆಯೋದನ್ನ ಯಾರೋ ಮಹಾನುಭಾವ ಶುರು ಮಾಡಿರ್ಬೇಕಲ್ಲ. ಯಾರಂತೀಯ?"

ಡೂಗಲ್ ಮೆಟ್ಟಿಲ ಮೇಲೆ ಬಕೆಟ್ಟಿಟ್ಟು, ಅಂಗಿಯ ತೋಳು ಮಡಚಿದ. ಕೆಳಗೆ ಐಲ್ಸಾಳ ಕಿಟಕಿ ತೆರೆದಿತ್ತು; ರೇಡಿಯೋ ಸಣ್ಣಗೆ ಹಾಡುತ್ತಿತ್ತು.

"ನಂಗೇನು ಗೊತ್ತು, ಮಿಸೆಸ್ ಪರ್ವಿಸ್?" ಎಂದ. "ಹಳೇ ಪದ್ಧತಿ ಇರ್ಬೇಕು."